ಹೊಸ ರೇಟಿಂಗ್ ಲಿಸ್ಟ್ ಹಾಕಿದ ಮೇಲೂ ಹಳೇ ರೇಟಿಂಗೇ ಬರ್ತದ: ಬಳ್ಳಾರಿ ಟೂರ್ನಿ, ಗೊತ್ತಿದ್ದೋರು ಹೇಳ್ರಿ

ಕೋಟೆ ಕುದುರೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಈ ವಾರ ಬಳ್ಳಾರಿಯಾಗ 1800 ರೇಟಿಂಗಿನ (ಆಟಗಾರನ ಬಲ ತೋರಿಸೋ ಅಂಕಿ) ಕೆಳಗಿನೋರ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟೆಡ್ ಚೆಸ್ ಟೂರ್ನಿ ಐತ್ರಿ. ಕ್ಲಾಸಿಕಲ್, 8 ಸುತ್ತು, 4 ದಿನ. ಪೇರಿಂಗ್ (ಯಾರಿಗೆ ಯಾರು ಎದುರಾಳಿ ಅಂತ ಜೋಡಿ ಹಾಕೋದು) ಲ್ಯಾಪ್‌ಟಾಪ್ ನನ್ನ ಜವಾಬ್ದಾರಿ.

ಫಿಡೆ ಸೈಟಿನಿಂದ ಈ ತಿಂಗಳ ಲಿಸ್ಟ್ ಇಳಿಸಿ, ಜಿಪ್ ಬಿಚ್ಚಿ, ಸಾಫ್ಟ್‌ವೇರಿಗೆ ಇಂಪೋರ್ಟ್ ಕೊಟ್ಟೆ. ಎರರ್ ಬರಲಿಲ್ಲ, ಇಂಪೋರ್ಟ್ ಮುಗೀತು ಅಂತನೇ ತೋರಿಸ್ತು. ಆದ್ರ ಟೂರ್ನಿ ಫೈಲಿನಾಗ ಆಟಗಾರರ ಪಟ್ಟಿ ತೆಗೆದ್ರ ಬಹಳ ಮಂದಿಗೆ ಹಳೇ ರೇಟಿಂಗೇ ಕುಂತೈತಿ. ಕೆಲವರಿಗೆ ಸೊನ್ನೆ. ಸಿರುಗುಪ್ಪದ ಒಬ್ಬ ಹುಡುಗಗ 1187 ತೋರಿಸ್ತೈತಿ. ಇನ್ನೊಬ್ಬ ಮಂಜುನಾಥಗ ಯಾವುದೋ ಬೇರೆ ಊರಿನ ಮಂಜುನಾಥನ ರೇಟಿಂಗ್ ಬಂದೈತಿ, ಹುಟ್ಟಿದ ವರ್ಷ ನೋಡಿದ್ರ ಗೊತ್ತಾಗ್ತದ.

ಸಾಫ್ಟ್‌ವೇರಿನ ಹೆಸರು ಹಾಕಂಗಿಲ್ಲ, ಹಾಕಿದ್ರ ಇಲ್ಲಿ ಯಾವುದು ಚಲೋ ಯಾವುದು ಕೆಟ್ಟದು ಅಂತ ಜಗಳ ಶುರುವಾಗ್ತದ. ವಿಂಡೋಸಿನಾಗ ನಡಿಯೋ ಹಳೇ ಪ್ರೋಗ್ರಾಂ ಅಂತ ತಿಳ್ಕೊಳ್ರಿ. ಪಟ್ಟಿ ಇವತ್ತು ರಾತ್ರಿ ಹಾಕಬೇಕು.

ರಾಯಚೂರು ಆನೆ

ಇಂಪೋರ್ಟ್ ಬ್ಯಾರೆ, ಅಪ್‌ಡೇಟ್ ಬ್ಯಾರೆ ಅಣ್ಣ. ನೀವು ಮಾಡಿದ್ದು ಸಾಫ್ಟ್‌ವೇರಿನ ಒಳಗಿನ ದೊಡ್ಡ ಲಿಸ್ಟ್ ಬದಲಿಸೋ ಕೆಲಸ. ಟೂರ್ನಿ ಫೈಲಿನಾಗ ಆಗಲೇ ಸೇರಿಸಿದ ಆಟಗಾರರನ್ನ ಅದು ಮುಟ್ಟಂಗಿಲ್ಲ. "ಪಟ್ಟಿಯಲ್ಲಿರೋ ಆಟಗಾರರ ವಿವರ ರೇಟಿಂಗ್ ಲಿಸ್ಟಿನಿಂದ ನವೀಕರಿಸು" ಅನ್ನೋ ಅರ್ಥದ ಕಮಾಂಡ್ ಬ್ಯಾರೆ ಇರ್ತದ, ಅದನ್ನ ಕೊಡಬೇಕು. ಕೊಡೋ ಮುಂಚೆ ಟೂರ್ನಿ ಫೈಲಿನ ಇನ್ನೊಂದು ಪ್ರತಿ ಪೆನ್ ಡ್ರೈವಿನಾಗ ಇಟ್ಕೊಳ್ರಿ.

ಸಿಂಧನೂರು ಸಿಸಿಲಿಯನ್

ಇಷ್ಟಕ್ಕೆಲ್ಲ ಯಾಕ ತಲಿ ಕೆಡಿಸ್ಕೊಳ್ತೀರಿ? ಫಿಡೆ ಸೈಟ್ ತೆಗೀರಿ, ಒಬ್ಬೊಬ್ಬರದೇ ನೋಡಿ ಕೈಯಿಂದ ಟೈಪ್ ಮಾಡ್ರಿ. ಒಂದು ರಾತ್ರಿ ಕೆಲಸ.

ಆರ್ಬಿಟರ್ ಕೊಪ್ಪಳ

ಸಿಂಧನೂರಿನವರ ಮಾತು ದಯವಿಟ್ಟು ಕೇಳಬೇಡಿ. ಕೈಯಿಂದ ಹೊಡೆದ 1563 ಯಾವಾಗ 1653 ಆಗುತ್ತದೋ ಹೇಳಲಿಕ್ಕೆ ಬರುವುದಿಲ್ಲ, ಅದೂ ರಾತ್ರಿ 1 ಗಂಟೆಗೆ. ರೇಟಿಂಗ್ ಎನ್ನುವುದು ಫಿಡೆ ಐಡಿಯ (ಪ್ರತಿ ಆಟಗಾರನಿಗೆ ಫಿಡೆ ಕೊಡುವ ಸಂಖ್ಯೆ) ಮೂಲಕ ಲಿಸ್ಟಿನಿಂದಲೇ ಬರಬೇಕು. ಕೈಯಿಂದ ಹಾಕುವುದು ಒಬ್ಬಿಬ್ಬರಿಗೆ ಮಾತ್ರ, ಅದೂ ಇನ್ನೊಬ್ಬರು ಪಕ್ಕ ಕುಳಿತು ಓದಿ ಹೇಳುತ್ತಿದ್ದಾಗ.

ಬಳ್ಳಾರಿಯವರೇ, ನಿಮ್ಮ 1187 ಒಂದು ದೊಡ್ಡ ಸುಳಿವು. 2024ರ ಮಾರ್ಚ್ 1ರಿಂದ ಫಿಡೆ ರೇಟಿಂಗ್‌ನ ಕೆಳಮಿತಿ 1000ದಿಂದ 1400ಕ್ಕೆ ಏರಿತು. ಆಗ 2000ದ ಕೆಳಗಿದ್ದವರ ಸ್ಟ್ಯಾಂಡರ್ಡ್ (ಕ್ಲಾಸಿಕಲ್ ಆಟದ) ರೇಟಿಂಗನ್ನು ಒಮ್ಮೆಗೇ ಏರಿಸಿದರು: 2000ಕ್ಕೆ ಎಷ್ಟು ಕಡಿಮೆಯೋ ಅದರ ನೂರಕ್ಕೆ 40ರಷ್ಟು ಸೇರಿಸಿದರು. 1187ಕ್ಕೆ 813 ಕಡಿಮೆ, ಅದರ ನೂರಕ್ಕೆ 40 ಅಂದರೆ 325. ಆ ಹುಡುಗ ಆ ದಿನವೇ 1512 ಆಗಿರಬೇಕು. ಈಗಿನ ಸ್ಟ್ಯಾಂಡರ್ಡ್ ಲಿಸ್ಟಿನಲ್ಲಿ 1187 ಎನ್ನುವ ಸಂಖ್ಯೆ ಇರಲಿಕ್ಕೇ ಸಾಧ್ಯವಿಲ್ಲ. ನಿಮ್ಮ ಲ್ಯಾಪ್‌ಟಾಪ್ ಎಲ್ಲಿಂದಲೋ 2024ರ ಮಾರ್ಚ್‌ಗಿಂತ ಹಿಂದಿನ ಲಿಸ್ಟ್ ಓದುತ್ತಿದೆ.

ಗಂಗಾವತಿ ಅಪ್ಪ

ಆ ಏರಿಕೆ ಬಂದಾಗ ನಮ್ಮ ಮನೆಯಲ್ಲಿ ಸಿಹಿ ಹಂಚಿದ್ದೆವು. ಮಗ ಒಂದೇ ತಿಂಗಳಲ್ಲಿ 300 ಪಾಯಿಂಟ್ ಏರಿದ ಅಂತ ಅವನ ಅಜ್ಜಿ ಓಣಿಗೆಲ್ಲ ಹೇಳಿದರು. ಆಮೇಲೆ ಕೋಚ್ ಬಿಡಿಸಿ ಹೇಳಿದರು, ಎಲ್ಲರಿಗೂ ಏರಿದೆ ಅಂತ. ಏನೇ ಆಗಲಿ, ಮಗನಿಗೆ ಹುಮ್ಮಸ್ಸು ಬಂತು, ಅದು ಸುಳ್ಳಲ್ಲ.

ಎಕ್ಸೆಲ್ ಅಕ್ಕ (ಕೊಪ್ಪಳ)

ಸೊನ್ನೆ ಬಂದವರ ಎಂಟ್ರಿ ಎಲ್ಲಿಂದ ಬಂತು? ಗೂಗಲ್ ಫಾರ್ಮಿನಿಂದ ಎಕ್ಸೆಲ್‌ಗೆ, ಎಕ್ಸೆಲ್‌ನಿಂದ ಸಾಫ್ಟ್‌ವೇರ್‌ಗೆ ಹಾಕಿದ್ದರೆ ನಾನು ಹೇಳೋದು ಕೇಳಿ.

ಫಿಡೆ ಐಡಿ ಇರೋ ಸೆಲ್‌ನ ಎಡ ಮೇಲ್ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಇದೆಯಾ ನೋಡಿ. ಇದ್ದರೆ ಅದು ಅಂಕಿ ಅಲ್ಲ, ಅಕ್ಷರವಾಗಿ ಕೂತಿದೆ ಅಂತ ಅರ್ಥ. ವಾಟ್ಸಾಪ್‌ನಿಂದ ಕಾಪಿ ಮಾಡಿ ಅಂಟಿಸಿದ ಐಡಿಯ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಇರುತ್ತೆ. ನಮಗೆ ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಅದು ಬೇರೆಯೇ ಐಡಿ, ಲಿಸ್ಟಿನಲ್ಲಿ ಸಿಗಲ್ಲ, ಸೊನ್ನೆ ಹಾಕಿ ಮುಂದೆ ಹೋಗುತ್ತೆ. ಟ್ರಿಮ್ ಫಾರ್ಮುಲಾ ಕೆಲವೊಮ್ಮೆ ಈ ಥರದ ಖಾಲಿ ಜಾಗವನ್ನ ತೆಗೆಯಲ್ಲ. ಆ ಖಾಲಿ ಜಾಗವನ್ನೇ ಕಾಪಿ ಮಾಡಿ, ಫೈಂಡ್ ರಿಪ್ಲೇಸ್‌ನಲ್ಲಿ ಹಾಕಿ, ಬದಲಿಗೆ ಏನೂ ಕೊಡದೆ ಎಲ್ಲಾ ಅಳಿಸಿ.

ಇನ್ನೊಂದು: ತುಂಬಾ ಪೋಷಕರು ಫಿಡೆ ಐಡಿ ಕೇಳಿದ ಕಡೆ ಅಖಿಲ ಭಾರತ ಚೆಸ್ ಫೆಡರೇಷನ್‌ನ ನೋಂದಣಿ ಸಂಖ್ಯೆ ತುಂಬ್ತಾರೆ. ಮಧ್ಯದಲ್ಲಿ ಕೆಎಆರ್ ಅಂತ ಮೂರು ಅಕ್ಷರ, ಕೊನೆಯಲ್ಲಿ ಇಸವಿ ಇದ್ದರೆ ಅದು ಫಿಡೆ ಐಡಿ ಅಲ್ಲ. ಫಿಡೆ ಐಡಿಯಲ್ಲಿ ಬರೀ ಅಂಕಿ. ಆನಂದ್ ಅವರದು 5000017, 7 ಅಂಕಿ. ಗುಕೇಶ್‌ದು 46616543, 8 ಅಂಕಿ. ಈಚಿನ ಮಕ್ಕಳಿಗೆ 9 ಅಂಕಿ ಬರ್ತಿದೆ. ಹಾಗಾಗಿ ಉದ್ದ ನೋಡಿ ತಪ್ಪು ಅಂತ ಅಳಿಸಬೇಡಿ.

ಕೋಟೆ ಕುದುರೆ (ಬಳ್ಳಾರಿ)

ಅಕ್ಕ, ಹಸಿರು ತ್ರಿಕೋನ ಸಾಲಾಗಿ ಅದಾವ! ಸೊನ್ನೆ ಬಂದೋರಾಗ ಅರ್ಧ ಮಂದಿ ಇದರಾಗೇ ಸರಿಯಾದ್ರು. ಒಬ್ಬರು ಕೆಎಆರ್ ನಂಬರೇ ಹಾಕಿದ್ರು, ಫೋನ್ ಮಾಡಿ ಫಿಡೆ ಐಡಿ ತಗೊಂಡೆ.

ಆನೆ ಅಣ್ಣ ಹೇಳಿದಂಗ ಅಪ್‌ಡೇಟ್ ಕಮಾಂಡ್ ಕೊಟ್ಟೆ. ಆದ್ರೂ 1187 ಹಂಗೇ ಐತಿ. ಈ ತಿಂಗಳ ಲಿಸ್ಟ್ ಇಂಪೋರ್ಟ್ ಆಗಿದ್ದು ನಾನೇ ಕಣ್ಣಾರೆ ನೋಡೀನಿ.

ಕುಷ್ಟಗಿ ಪಿ.ಇ. ಮೇಷ್ಟ್ರು

ಸೊನ್ನೆ ಬಂದವರಲ್ಲಿ ದೊಡ್ಡವರು ಯಾರಾದರೂ ಇದ್ದಾರಾ? ನಮ್ಮಲ್ಲಿ ಬ್ಯಾಂಕಿನವರೊಬ್ಬರು ಬಹಳ ವರ್ಷದ ಮೇಲೆ ಆಡಲು ಬಂದಿದ್ದರು. ಪಟ್ಟಿ ಮಾಡಿದವರು ಸಕ್ರಿಯ ಆಟಗಾರರನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಸೋಸಿಬಿಟ್ಟಿದ್ದರು. ಒಂದು ವರ್ಷ ಒಂದೂ ರೇಟೆಡ್ ಆಟ ಆಡದಿದ್ದರೆ ಫಿಡೆ ಲಿಸ್ಟಿನಲ್ಲಿ ಹೆಸರಿನ ಮುಂದೆ ಐ ಅನ್ನೋ ಗುರುತು ಬೀಳುತ್ತದೆ, ಅಷ್ಟೇ. ರೇಟಿಂಗ್ ಹೋಗುವುದಿಲ್ಲ. ಆ ಪುಣ್ಯಾತ್ಮ 1700ರ ಆಸುಪಾಸಿನ ಆಟಗಾರ, ಅವರನ್ನು ರೇಟಿಂಗ್ ಇಲ್ಲದ ಮಕ್ಕಳ ಸಾಲಿನಲ್ಲಿ ಕೂರಿಸಿದ್ದರು.

ತುಂಗಭದ್ರಾ 64

ಕುದುರೆ ಅಣ್ಣ, ಆ ಲ್ಯಾಪ್‌ಟಾಪಿನಾಗ ಎಷ್ಟು ಲಾಗಿನ್ ಅದಾವ?

ಕೋಟೆ ಕುದುರೆ (ಬಳ್ಳಾರಿ)

ಎರಡು. ಕ್ಲಬ್ಬಿಂದೊಂದು, ನನ್ನದೊಂದು. ಯಾಕ?

ತುಂಗಭದ್ರಾ 64

ಸಿಕ್ತು ನೋಡ್ರಿ.

ವಿಂಡೋಸ್ ವಿಸ್ಟಾ ಬಂದಾಗಿಂದ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಾಗ ಸಾಮಾನ್ಯ ಪ್ರೋಗ್ರಾಮುಗಳು ಬರಿಯಂಗಿಲ್ಲ, ಅದಕ್ಕ ಅಡ್ಮಿನ್ ಅನುಮತಿ ಬೇಕು. ಹಳೇ ಪ್ರೋಗ್ರಾಮುಗಳು ಅಲ್ಲೇ ಬರಿಯಾಕ ಹೋಗ್ತಾವ. ಅವು ಕೆಟ್ಟು ನಿಲ್ಲಬಾರದು ಅಂತ ವಿಂಡೋಸ್ ಆ ಫೈಲನ್ನ ಸುಮ್ಮನೆ ಬೇರೆ ಕಡೆ ತಿರುಗಿಸಿ ಇಡ್ತದ. ಲಾಗಿನ್ ಆದವರ ಆ್ಯಪ್‌ಡೇಟಾ ಫೋಲ್ಡರ್, ಅದರಾಗ ಲೋಕಲ್, ಅದರಾಗ ವರ್ಚುವಲ್‌ಸ್ಟೋರ್. ಪ್ರೋಗ್ರಾಮಿಗೆ ತಾನು ಸರಿಯಾದ ಜಾಗದಾಗೇ ಬರದೀನಿ ಅನ್ನಿಸ್ತದ. ಎರರ್ ಬರಂಗಿಲ್ಲ. ಪ್ರತಿ ಲಾಗಿನ್ನಿಗೆ ತನ್ನದೇ ಬೇರೆ ಪ್ರತಿ ಇರ್ತದ.

ನಿಮ್ಮ ಲಾಗಿನ್ನಿನಾಗ ಇಂಪೋರ್ಟ್ ಮಾಡಿದ ಹೊಸ ಲಿಸ್ಟ್ ನಿಮ್ಮ ಮೂಲಿಯಾಗ ಕುಂತದ. ಕ್ಲಬ್ ಲಾಗಿನ್ನಿನಾಗ ತೆಗೆದ್ರ ಅದು ತನ್ನ ಹಳೇದನ್ನೇ ಓದ್ತದ. ಅಡ್ಮಿನ್ ಆಗಿ ತೆಗೆದ್ರ ಪ್ರೋಗ್ರಾಂ ಫೈಲ್ಸಿನ ಮೂಲ ಲಿಸ್ಟ್, ಅಂದ್ರ ಇನ್‌ಸ್ಟಾಲ್ ಮಾಡಿದ ದಿನದ್ದು, ಅದನ್ನ ಓದ್ತದ. ಅಪ್‌ಡೇಟ್ ಕಮಾಂಡ್ ಯಾವ ಲಾಗಿನ್ನಿನಾಗ ಕೊಟ್ರಿ ಹೇಳ್ರಿ?

ಕೋಟೆ ಕುದುರೆ (ಬಳ್ಳಾರಿ)

ಟೂರ್ನಿ ಫೈಲು ಕ್ಲಬ್ ಲಾಗಿನ್ನಿನ ಡೆಸ್ಕ್‌ಟಾಪಿನಾಗ ಐತಿ, ಅದಕ್ಕ ಅಪ್‌ಡೇಟ್ ಅಲ್ಲೇ ಕೊಟ್ಟಿದ್ದು. ನೀವು ಹೇಳಿದ ಫೋಲ್ಡರ್ ಹುಡುಕಿದೆ, ಎರಡೂ ಕಡೆ ಲಿಸ್ಟ್ ಫೈಲ್ ಅದಾವ. ಕ್ಲಬ್ಬಿನ ಕಡೆ ಇರೋದರ ತಾರೀಖು 2023ನೇ ಇಸವಿದು.

ರಾಯಚೂರು ಆನೆ

ಇದು ನನಗೂ ಗೊತ್ತಿರಲಿಲ್ಲ. 64 ಅಣ್ಣಗ ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ ಬಾಕಿ.

ತುಂಗಭದ್ರಾ 64

ಮಿರ್ಚಿ ಬಳ್ಳಾರಿಯೋರು ಕೊಡಿಸಲಿ. ಈಗ ಮಾಡೋ ಕೆಲಸ: ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿ, ಡಿ ಡ್ರೈವಿನಾಗ ಒಂದು ಸಾದಾ ಫೋಲ್ಡರ್ ಮಾಡಿ ಅಲ್ಲೇ ಇನ್‌ಸ್ಟಾಲ್ ಮಾಡ್ರಿ. ಎರಡು ಲಾಗಿನ್ನಿಗೂ ಆ ಫೋಲ್ಡರಿನಾಗ ಬರಿಯೋ ಅನುಮತಿ ಕೊಡ್ರಿ. ಲೈಸೆನ್ಸ್ ಕೋಡ್ ಕೈಯಾಗ ಇಟ್ಕೊಂಡು ಮಾಡ್ರಿ ಮತ್ತ. ಎರಡು ವರ್ಚುವಲ್‌ಸ್ಟೋರಿನಾಗಿನ ಹಳೇ ಪ್ರತಿ ಅಳಿಸಿ, ಆಮೇಲೆ ಒಂದೇ ಸಲ ಇಂಪೋರ್ಟ್, ಆಮೇಲೆ ಅಪ್‌ಡೇಟ್.

ಗಂಗಾವತಿ ಅಪ್ಪ

ಒಂದು ಪ್ರಶ್ನೆ ಕೇಳ್ತೀನಿ, ಸಿಟ್ಟಾಗಬೇಡಿ. ಹಿಂದೆ ಒಂದು ಟೂರ್ನಿಯಲ್ಲಿ ನನ್ನ ಮಗಳಿಗೆ ರೇಟಿಂಗ್ ಇದ್ದರೂ ಪಟ್ಟಿಯಲ್ಲಿ ಸೊನ್ನೆ ಹಾಕಿದ್ದರು. ಯಾವ ಊರು, ಯಾರು ಮಾಡಿದ್ದು ಅಂತ ಹೇಳಲ್ಲ. ಅವಳ ರೇಟಿಂಗ್ ಲೆಕ್ಕ ಹಾಳಾಯಿತು ಅಂತ ನಾನು ಇವತ್ತಿಗೂ ನೊಂದುಕೊಳ್ತೀನಿ. ಮಕ್ಕಳನ್ನ ಕರ್ಕೊಂಡು ಬೆಳಗಿನ ಜಾವ ಬಸ್ಸಿನಲ್ಲಿ ಬರೋರು ನಾವು. ಪಟ್ಟಿ ಸರಿ ಇರಬೇಕು ಅಂತ ಕೇಳೋದು ತಪ್ಪಾ?

ಆರ್ಬಿಟರ್ ಕೊಪ್ಪಳ

ಕೇಳುವುದು ತಪ್ಪಲ್ಲ ಸರ್, ಕೇಳಲೇಬೇಕು. ಆದರೆ ಒಂದು ವಿಷಯದಲ್ಲಿ ನೀವು ನೆಮ್ಮದಿಯಾಗಿರಿ. ಮಗಳ ರೇಟಿಂಗ್ ಲೆಕ್ಕ ಹಾಳಾಗಿರುವುದಿಲ್ಲ. ಟೂರ್ನಿ ಮುಗಿದ ಮೇಲೆ ಹೋಗುವ ವರದಿ ಫೈಲಿನಲ್ಲಿ ಪ್ರತಿ ಆಟಗಾರನಿಗೆ 001 ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಅದರಲ್ಲಿ ಹೆಸರು, ರೇಟಿಂಗ್, ದೇಶ, ಫಿಡೆ ಐಡಿ, ಹುಟ್ಟಿದ ದಿನ, ಪ್ರತಿ ಸುತ್ತಿನ ಎದುರಾಳಿ ಮತ್ತು ಫಲಿತಾಂಶ. ಫಿಡೆ ಲೆಕ್ಕ ಹಾಕುವುದು ಐಡಿ ಹಿಡಿದು, ತನ್ನದೇ ಲಿಸ್ಟಿನ ರೇಟಿಂಗ್ ಇಟ್ಟುಕೊಂಡು. ನಾವು ಲ್ಯಾಪ್‌ಟಾಪಿನಲ್ಲಿ ಸೊನ್ನೆ ಹಾಕಿದರೂ ಅಲ್ಲಿ ಅವಳ ನಿಜವಾದ ರೇಟಿಂಗೇ ಬರುತ್ತದೆ. ಐಡಿ ತಪ್ಪಿದ್ದರೆ ಮಾತ್ರ ಅನಾಹುತ: ಅವಳು ಆಡಿದ ಆಟ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಅದಕ್ಕೇ ಬಳ್ಳಾರಿಯವರ ಎರಡು ಮಂಜುನಾಥರ ಗೊಂದಲ ನನಗೆ 1187ಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿದೆ.

ಹಾಳಾಗುವುದು ಪೇರಿಂಗ್. ರೇಟಿಂಗ್ ಪ್ರಕಾರ ಸಾಲಾಗಿ 100 ಜನ ಇದ್ದಾರೆ ಅಂದುಕೊಳ್ಳಿ. ಮೊದಲ ಸುತ್ತಿನಲ್ಲಿ 1ನೆಯವರಿಗೆ 51, 2ನೆಯವರಿಗೆ 52. 20ನೇ ಜಾಗದಲ್ಲಿರಬೇಕಾದ ಮಗುವಿಗೆ ಸೊನ್ನೆ ಬಿದ್ದು ತಳಕ್ಕೆ ಹೋದರೆ 21ರಿಂದ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬರುತ್ತಾರೆ. ಮೇಲಿನ 19 ಬೋರ್ಡಿನ ಜೋಡಿಯೂ ಬದಲು. ತಳದಲ್ಲಿ ಕುಳಿತ ಬಲವಾದ ಆ ಮಗು ಪಟ್ಟಿಯ ಮಧ್ಯದ ಒಬ್ಬರಿಗೆ, 51ನೆಯವರಿಗೆ, ಅನ್ಯಾಯವಾಗಿ ಎದುರಾಗುತ್ತದೆ. ವಿಭಾಗವಾರು ಬಹುಮಾನದ ಲೆಕ್ಕವೂ ಕೆಡುತ್ತದೆ.

ಸಿಂಧನೂರು ಸಿಸಿಲಿಯನ್

ಹಂಗಾದ್ರ ಎರಡನೇ ಸುತ್ತಾದ ಮೇಲೆ ತಪ್ಪು ಕಂಡ್ರ ಏನು ಮಾಡೋದು? ಹಂಗೇ ಬಿಡೋದೇನು?

ಆರ್ಬಿಟರ್ ಕೊಪ್ಪಳ

ರೇಟಿಂಗ್ ಮಾಹಿತಿಯನ್ನು ಯಾವಾಗ ಬೇಕಾದರೂ ತಿದ್ದಬಹುದು. ಆದರೆ ಅದರಿಂದ ಶ್ರೇಯಾಂಕದ ಸಂಖ್ಯೆ (ಪೇರಿಂಗ್ ನಂಬರ್) ಬದಲಿಸಲು ಗಡಿ ಇದೆ: ನಾಲ್ಕನೇ ಸುತ್ತಿನ ಪೇರಿಂಗ್ ಆದ ಮೇಲೆ ಯಾರ ಪೇರಿಂಗ್ ನಂಬರನ್ನೂ ಬದಲಿಸುವಂತಿಲ್ಲ. ಆಡಿ ಮುಗಿದ ಸುತ್ತು ಮತ್ತೆ ಆಡಿಸುವ ಪ್ರಶ್ನೆಯೇ ಇಲ್ಲ.

ಸಿರುಗುಪ್ಪ ಪಾನ್

ತಿಂಗಳ ಕೊನೆಗೆ ಶುರುವಾಗಿ ಮುಂದಿನ ತಿಂಗಳು ಮುಗಿಯೋ ಟೂರ್ನಿಗೆ ಯಾವ ಲಿಸ್ಟ್? 1ನೇ ತಾರೀಖು ಬೆಳಗ್ಗೆ ಹೊಸ ರೇಟಿಂಗ್ ಬಂತು ಅಂತ ಒಬ್ಬರು ಆರ್ಬಿಟರ್ (ತೀರ್ಪುಗಾರರ) ಮೇಜಿಗೆ ಬಂದು ಜಗಳ ತೆಗೆದಿದ್ದರು.

ರಾಯಚೂರು ಆನೆ

ಶುರುವಾದ ದಿನ ಯಾವ ಲಿಸ್ಟ್ ಜಾರಿಯಾಗಿತ್ತೋ ಅದೇ. 2012ರ ಜುಲೈಯಿಂದ ಲಿಸ್ಟ್ ತಿಂಗಳಿಗೊಮ್ಮೆ ಬರ್ತದ. ಅದಕ್ಕೂ ಮುಂಚೆ ಎರಡು ತಿಂಗಳಿಗೊಮ್ಮೆ, ಇನ್ನೂ ಹಿಂದ ಮೂರು ತಿಂಗಳಿಗೊಮ್ಮೆ ಬರ್ತಿತ್ತು, ಆಗ ಈ ಜಗಳ ಕಡಿಮಿ ಇತ್ತು.

ಎಕ್ಸೆಲ್ ಅಕ್ಕ (ಕೊಪ್ಪಳ)

ಕುದುರೆ ಅಣ್ಣ, ಮಂಜುನಾಥ ಯಾಕೆ ಅದಲುಬದಲಾದ ಅಂತ ಗೊತ್ತಾಯಿತಾ? ಹೆಸರಿಂದ ಹುಡುಕಿದರೆ ಹೀಗೇ ಆಗೋದು. ನಮ್ಮ ಕಡೆ ಮಂಜುನಾಥ, ಬಸವರಾಜ, ವೀರೇಶ ಎಷ್ಟು ಜನ! ಇನಿಶಿಯಲ್ ಒಬ್ಬರು ಮುಂದೆ ಹಾಕ್ತಾರೆ, ಇನ್ನೊಬ್ಬರು ಹಿಂದೆ. ಒಬ್ಬನಿಗೆ ಎರಡು ಐಡಿ ಆಗಿರೋದೂ ನೋಡಿದೀನಿ, ಶಾಲೆಯವರು ಒಂದು ಮಾಡಿಸಿರ್ತಾರೆ, ಅಪ್ಪ ಇನ್ನೊಂದು. ಹಾಗಿದ್ದರೆ ಅದನ್ನ ಫೆಡರೇಷನ್ ಮೂಲಕವೇ ಒಂದು ಮಾಡಿಸಬೇಕು, ಸಾಫ್ಟ್‌ವೇರಿನಲ್ಲಿ ಸರಿಹೋಗಲ್ಲ.

ಕುಷ್ಟಗಿ ಪಿ.ಇ. ಮೇಷ್ಟ್ರು

ಸ್ವಲ್ಪ ವಿಷಯ ಬಿಟ್ಟು ಹೇಳ್ತೀನಿ. ಈ ಎಲ್ಲಾ ತೊಂದರೆ ಬೆಂಗಳೂರು, ಮಂಗಳೂರಲ್ಲಿ ಬಂದರೆ ಪಕ್ಕದ ಟೇಬಲ್ಲಿನಲ್ಲೇ ಗೊತ್ತಿರೋರು ಸಿಗ್ತಾರೆ. ನಮ್ಮ ಮೂರು ಜಿಲ್ಲೆಯಲ್ಲಿ ಸಾಫ್ಟ್‌ವೇರ್ ಗೊತ್ತಿರೋರು ಬೆರಳೆಣಿಕೆ. ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ತುಂಗಭದ್ರೆಯ ಈ ಕಡೆಯಿಂದಲೂ ಒಬ್ಬರು ಬರಲಿ ಅಂತ ನನಗೆ ಬಹಳ ಆಸೆ. ಅದಕ್ಕೆ ಮಕ್ಕಳಿಗೆ ಹತ್ತಿರದಲ್ಲೇ ರೇಟೆಡ್ ಟೂರ್ನಿ ಬೇಕು, ಟೂರ್ನಿಗೆ ಲ್ಯಾಪ್‌ಟಾಪ್ ನಡೆಸೋರು ಬೇಕು. ದಸರಾ ರಜೆಯಲ್ಲಿ ಕೊಪ್ಪಳದಲ್ಲಿ ಎಲ್ಲರೂ ಸೇರಿ ಒಂದು ದಿನ ಕಲಿಯೋಣವಾ?

ಗಂಗಾವತಿ ಅಪ್ಪ

ನಾನು ಬರ್ತೀನಿ. ಆಟ ಬರಲ್ಲ, ಕಂಪ್ಯೂಟರ್ ಬರುತ್ತೆ.

ತುಂಗಭದ್ರಾ 64

ಮೇಷ್ಟ್ರೇ ಅದಕ್ಕ ಬೇರೆ ಥ್ರೆಡ್ ಹಾಕ್ರಿ, ಇಲ್ಲಿ ಕಳೆದು ಹೋಗ್ತದ. ಕುದುರೆ ಅಣ್ಣ, ಏನಾಯ್ತು?

ಕೋಟೆ ಕುದುರೆ (ಬಳ್ಳಾರಿ)

ಆಯ್ತ್ರಿ! ಡಿ ಡ್ರೈವಿಗೆ ಹಾಕಿ, ಹಳೇ ಪ್ರತಿ ಅಳಿಸಿ, ಇಂಪೋರ್ಟ್ ಮಾಡಿ, ಐಡಿಯಿಂದ ಅಪ್‌ಡೇಟ್ ಕೊಟ್ಟೆ. ನಡುವ ಕರೆಂಟ್ ಹೋಗಿತ್ತು, ಬ್ಯಾಟರಿ ಮ್ಯಾಲ ಮುಗೀತು. ಸಿರುಗುಪ್ಪದ ಹುಡುಗಗ ಈಗ 1566. ಇಬ್ಬರು ಮಂಜುನಾಥರೂ ತಮ್ಮ ತಮ್ಮ ಜಾಗಕ್ಕ ಬಂದ್ರು. ಇನ್ನೂ ಸೊನ್ನೆ ಇರೋರೆಲ್ಲ ನಿಜವಾಗ್ಲೂ ರೇಟಿಂಗ್ ಇಲ್ಲದೋರೇ, ಒಬ್ಬೊಬ್ಬರನ್ನೇ ಫಿಡೆ ಸೈಟಿನಾಗ ನೋಡಿದೆ.

ಆರ್ಬಿಟರ್ ಕೊಪ್ಪಳ

ಸಂತೋಷ. ಈಗ ಬಹಳ ಮುಖ್ಯವಾದ ಒಂದು ಕೆಲಸ. ಪಟ್ಟಿಯನ್ನು ರೇಟಿಂಗ್ ಪ್ರಕಾರ ಜೋಡಿಸಿ ಮೇಲಿನ ಹೆಸರುಗಳನ್ನು ನೋಡಿ. ಹೊಸ ಲಿಸ್ಟಿನಲ್ಲಿ ಯಾರಾದರೂ 1800 ಮುಟ್ಟಿದ್ದಾರಾ? ಒಬ್ಬ ಆಟಗಾರನಿಗೆ ಆಟದ ಸಮಯ ಎಷ್ಟು ಇಟ್ಟಿದ್ದೀರಿ?

ಕೋಟೆ ಕುದುರೆ (ಬಳ್ಳಾರಿ)

30 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್. ನೋಡಿದೆ ಸರ್. ಎದಿ ಧಸಕ್ಕಂತು. ಮೊದಲನೇ ಹೆಸರೇ 1812. ಎಂಟ್ರಿ ಕೊಟ್ಟಾಗ 1784 ಇತ್ತು.

ಆರ್ಬಿಟರ್ ಕೊಪ್ಪಳ

ಅದಕ್ಕೇ ಕೇಳಿದ್ದು. 30 ನಿಮಿಷಕ್ಕೆ 60 ನಡೆಯ 30 ಸೆಕೆಂಡ್ ಸೇರಿಸಿದರೆ 60 ನಿಮಿಷ. ಟೂರ್ನಿಯಲ್ಲಿ ಎಲ್ಲರೂ 1800ರ ಕೆಳಗಿದ್ದರೆ ಸ್ಟ್ಯಾಂಡರ್ಡ್ ರೇಟಿಂಗ್‌ಗೆ ಇದು ಸಾಕು. ಒಬ್ಬರು 1800 ಅಥವಾ ಅದಕ್ಕಿಂತ ಮೇಲಿದ್ದರೂ ಕನಿಷ್ಠ 90 ನಿಮಿಷ ಬೇಕು. ಹಳೇ ಲಿಸ್ಟ್ ಇಟ್ಟುಕೊಂಡೇ ಆಡಿಸಿದ್ದರೆ ಮಕ್ಕಳು ನಾಲ್ಕು ದಿನ ಆಡಿದ ಆಟಕ್ಕೆ ರೇಟಿಂಗ್ ಸಿಗುವುದೇ ಅನುಮಾನವಾಗುತ್ತಿತ್ತು. ಆ ಆಟಗಾರರಿಗೆ ಇವತ್ತೇ ಫೋನ್ ಮಾಡಿ ತಿಳಿಸಿ, ಪ್ರವೇಶ ಶುಲ್ಕ ವಾಪಸ್ ಕೊಡಿ. ಮುಖ್ಯ ಆರ್ಬಿಟರ್‌ಗೆ ಬರಹದಲ್ಲಿ ತಿಳಿಸಿ.

ಸಿಂಧನೂರು ಸಿಸಿಲಿಯನ್

ಪಾಪ, ಅವರು ರಜಾ ಹಾಕಿರ್ತಾರ. ಟೂರ್ನಿ ಹಿಂದಿನ ದಿನ ಬರಬೇಡ್ರಿ ಅನ್ನೋದು ಸರಿಯೇನು? ಎಂಟ್ರಿ ತಗೊಂಡ ದಿನದ ರೇಟಿಂಗ್ ಹಿಡೀಬೇಕು ಅನ್ನೋದು ನನ್ನ ವಾದ.

ರಾಯಚೂರು ಆನೆ

ಒಬ್ಬರ ರಜಾ ದೊಡ್ಡದೋ, ಉಳಿದ ಎಲ್ಲಾ ಮಕ್ಕಳ ರೇಟಿಂಗ್ ದೊಡ್ಡದೋ? ನಿಮ್ಮ ವಾದ ಪ್ರಾಸ್ಪೆಕ್ಟಸಿನಾಗ ಬರದ್ರೂ ಫಿಡೆ ಒಪ್ಪಂಗಿಲ್ಲ.

ಸಿಂಧನೂರು ಸಿಸಿಲಿಯನ್

ಒಪ್ಪಿದೆ. ಆದ್ರ "1ನೇ ತಾರೀಖಿನ ಲಿಸ್ಟಿನಾಗ 1800 ಮುಟ್ಟಿದ್ರ ಪ್ರವೇಶ ಇಲ್ಲ, ಹಣ ವಾಪಸ್" ಅಂತ ಪ್ರಾಸ್ಪೆಕ್ಟಸಿನಾಗ ದಪ್ಪ ಅಕ್ಷರದಾಗ ಇರಬೇಕು.

ಕೋಟೆ ಕುದುರೆ (ಬಳ್ಳಾರಿ)

ಫೋನ್ ಮಾಡಿದೆ. ಹೊಸಪೇಟೆಯೋರು, ಬಹಳ ದೊಡ್ಡ ಮನಸ್ಸಿನ ಮನುಷ್ಯ. 1800 ದಾಟಿದ್ದು ಅವರಿಗೂ ಗೊತ್ತಿರಲಿಲ್ಲ, ಖುಷಿಯಾದ್ರು. ಹೆಂಗೂ ರಜಾ ಐತಿ, ಆಟದ ನಡುವ ಮಕ್ಕಳಿಗೆ ಅವರ ಗೇಮ್ ಬಿಡಿಸಿ ಹೇಳಾಕ ಬರ್ತೀನಿ ಅಂದ್ರು. ಶುಲ್ಕ ಕಳಿಸೀವಿ, ಮುಖ್ಯ ಆರ್ಬಿಟರಿಗೆ ಮೇಲ್ ಹಾಕೀವಿ. ಪ್ರಾಸ್ಪೆಕ್ಟಸಿನ ಸಾಲು ಮುಂದಿನ ಸಲದಿಂದ ಹಾಕ್ತೀವಿ.

ಶ್ರೇಯಾಂಕದ ಪಟ್ಟಿ ಅಪ್‌ಲೋಡ್ ಆಗೇತಿ. ಬರೋರೆಲ್ಲ ನಿಮ್ಮ ಐಡಿ, ಹುಟ್ಟಿದ ವರ್ಷ, ರೇಟಿಂಗ್ ಮೂರೂ ನೋಡ್ಕೊಳ್ರಿ. ತಪ್ಪಿದ್ರ ನಾಳೆ ಬೆಳಿಗ್ಗೆ 8 ಗಂಟೆ ಒಳಗ ಹೇಳ್ರಿ, 9ಕ್ಕ ಮೊದಲ ಸುತ್ತಿನ ಪೇರಿಂಗ್.

ಗಂಗಾವತಿ ಅಪ್ಪ

ನೋಡಿದೆ. ಮಗಳು 34ನೇ ಜಾಗ, ರೇಟಿಂಗ್ ಸರಿ ಇದೆ, ಐಡಿ ಸರಿ ಇದೆ. ಹುಟ್ಟಿದ ವರ್ಷ 2013 ಅಂತಿದೆ, ಅವಳದು 2012.

ಎಕ್ಸೆಲ್ ಅಕ್ಕ (ಕೊಪ್ಪಳ)

ಅದು ಫಿಡೆ ಲಿಸ್ಟಿನಲ್ಲೇ ಹಾಗಿದೆಯಾ ಅಂತ ಅವಳ ಪ್ರೊಫೈಲ್ ತೆಗೆದು ನೋಡಿ. ಅಲ್ಲೂ 2013 ಇದ್ದರೆ ಜನನ ಪ್ರಮಾಣಪತ್ರ ಹಚ್ಚಿ ಫೆಡರೇಷನ್‌ಗೆ ಬರೀಬೇಕು. ವಯಸ್ಸಿನ ವಿಭಾಗದ ಬಹುಮಾನ ಇದ್ದರೆ ನಾಳೆನೇ ಆರ್ಬಿಟರ್‌ಗೆ ಪ್ರಮಾಣಪತ್ರ ತೋರಿಸಿಬಿಡಿ.

ಗಂಗಾವತಿ ಅಪ್ಪ

ಅಲ್ಲೂ 2013 ಇದೆ. ಪ್ರಮಾಣಪತ್ರ ಬ್ಯಾಗಿಗೆ ಹಾಕಿದೆ.